ಇಸಿಜಿ ಗೆರೆ ನಡುಗಿದರೆ ಫಿಲ್ಟರ್ ಹಾಕಿಬಿಡಬಹುದೇ?

ಪ್ರಶ್ನೆ (ಇಸಿಜಿ ತಂತ್ರಜ್ಞೆ, ಮಂಡ್ಯ):
ನಮಸ್ಕಾರ ಸರ್. ನಮ್ಮ ಕ್ಲಿನಿಕ್ಕಿನ ಇಸಿಜಿಯಲ್ಲಿ ಗೆರೆ ಗರಗಸದ ಹಲ್ಲಿನಂತೆ ಮೂಡುತ್ತದೆ. ಗದ್ದೆ ಕೆಲಸದಿಂದ ನೇರವಾಗಿ ಬಂದವರದ್ದಾದರೆ ಗೆರೆಯೇ ಮೇಲಕ್ಕೂ ಕೆಳಕ್ಕೂ ತೇಲುತ್ತದೆ. ಯಂತ್ರದ ಎಲ್ಲ ಫಿಲ್ಟರ್‌ಗಳನ್ನು ಹಾಕಿದಾಗ ಗ್ರಾಫ್ ಅಚ್ಚುಕಟ್ಟಾಗಿ ಬರುತ್ತದೆ. ಸದಾ ಹಾಗೆಯೇ ಇಟ್ಟುಕೊಳ್ಳಬಹುದೇ?

ಉತ್ತರ (ಬಯೋಮೆಡಿಕಲ್ ಎಂಜಿನಿಯರ್, ಮೈಸೂರು):
ದಯವಿಟ್ಟು ಹಾಗೆ ಮಾಡಬೇಡಿ ಮೇಡಂ. ಎಸ್‌ಟಿ ಭಾಗ (ಪ್ರತಿ ಬಡಿತದ ಎತ್ತರದ ಅಲೆಯ ನಂತರ ಬರುವ ಸಮತಟ್ಟು ಗೆರೆ) ಕಾಗದದ ಮೇಲೆ ಕೇವಲ 1 ಮಿಲಿಮೀಟರ್ ಏರಿದ್ದರೂ ವೈದ್ಯರು ಅದರಲ್ಲಿ ಹೃದಯಾಘಾತದ ಸುಳಿವನ್ನು ಹುಡುಕುತ್ತಾರೆ. ಗೆರೆ ತೇಲದಂತೆ ತಡೆಯುವ 0.5 ಹರ್ಟ್ಸ್ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಬಾರಿ ಎಂಬ ಲೆಕ್ಕ) ಫಿಲ್ಟರ್ ಹಲವು ಯಂತ್ರಗಳಲ್ಲಿ ಆ ಭಾಗವನ್ನೇ ಏರಿಸಿಯೋ ಇಳಿಸಿಯೋ ತೋರಿಸಿಬಿಡುತ್ತದೆ. ಸ್ನಾಯುಗಳ ವಿದ್ಯುತ್ ಗದ್ದಲವನ್ನು ಅಡಗಿಸುವ 40 ಹರ್ಟ್ಸ್ ಫಿಲ್ಟರ್ ಆರ್ ಅಲೆಯ (ಪ್ರತಿ ಬಡಿತದ ಎತ್ತರದ ಚೂಪು ಅಲೆಯ) ತುದಿಯನ್ನು ತಗ್ಗಿಸುತ್ತದೆ. ರೋಗನಿರ್ಣಯಕ್ಕಾಗಿ ತೆಗೆಯುವ ಇಸಿಜಿಗೆ 0.05ರಿಂದ 150 ಹರ್ಟ್ಸ್ ವ್ಯಾಪ್ತಿ ಬೇಕೆನ್ನುವುದು ಇದೇ ಕಾರಣಕ್ಕೆ.

ಮೊದಲು ಗ್ರಾಫನ್ನು ಹತ್ತಿರದಿಂದ ನೋಡಿ. ಕಾಗದದ ವೇಗ ಸೆಕೆಂಡಿಗೆ 25 ಮಿಲಿಮೀಟರ್ ಇದ್ದು, ಒಂದೊಂದು ಸಣ್ಣ ಚೌಕದಲ್ಲೂ ಸರಿಯಾಗಿ ಎರಡೆರಡು ಹಲ್ಲುಗಳು ಕಂಡರೆ ಅದು ನಮ್ಮ 50 ಹರ್ಟ್ಸ್ ಕರೆಂಟಿನದೇ ಗದ್ದಲ. ಎಲ್ಲ ಲೀಡ್‌ಗಳಲ್ಲೂ (ಎಲೆಕ್ಟ್ರೋಡ್‌ಗಳ ಬೇರೆ ಬೇರೆ ಜೋಡಣೆಯಿಂದ ಬರುವ ಗೆರೆಗಳಲ್ಲೂ) ಅದಿದ್ದರೆ ಬಲಗಾಲಿನ ಎಲೆಕ್ಟ್ರೋಡನ್ನೂ ಅರ್ಥಿಂಗನ್ನೂ ಪರೀಕ್ಷಿಸಿ, ಮಂಚದ ಪಕ್ಕದ ಮೊಬೈಲ್ ಚಾರ್ಜರನ್ನು ತೆಗೆಸಿ. ಒಂದು ಮತ್ತು ಎರಡನೆಯ ಲೀಡ್ ಕೆಟ್ಟು ಮೂರನೆಯದು ಸ್ವಚ್ಛವಾಗಿದ್ದರೆ ದೋಷ ಬಲಗೈ ಎಲೆಕ್ಟ್ರೋಡಿನದ್ದು, ಏಕೆಂದರೆ ಮೂರನೆಯ ಲೀಡಿನಲ್ಲಿ ಬಲಗೈ ಸೇರುವುದೇ ಇಲ್ಲ.

ಗದ್ದೆಯಿಂದ ಬಂದವರನ್ನು ಸ್ವಲ್ಪ ಹೊತ್ತು ಮಲಗಿಸಿ, ಉಸಿರಾಟ ಹದಕ್ಕೆ ಬರಲಿ. ಬೆವರನ್ನೂ ಎಣ್ಣೆಯನ್ನೂ ಸ್ಪಿರಿಟ್‌ನಿಂದ ಒರೆಸಿ, ಚರ್ಮ ಒಣಗಿದ ಮೇಲೆ ಜೆಲ್ ಹಚ್ಚಿ. ಇಷ್ಟಾದರೂ ಹಲ್ಲುಗಳು ಉಳಿದರೆ 50 ಹರ್ಟ್ಸ್ ಫಿಲ್ಟರ್ ಒಂದನ್ನೇ ಹಾಕಿ, ಹಾಕಿದ್ದನ್ನು ಗ್ರಾಫಿನ ಮೇಲೆ ಬರೆಯಿರಿ.

ಮರುಪ್ರಶ್ನೆ (ಅದೇ ತಂತ್ರಜ್ಞೆ):
ಧನ್ಯವಾದಗಳು ಸರ್. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವ ಹಿರಿಯರಿಗೆ ಏನು ಮಾಡಲಿ?

ಉತ್ತರ:
ಇಲ್ಲಿ ಫಿಲ್ಟರ್ ಕೈಕೊಡುತ್ತದೆ. ಆ ನಡುಕ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ಬರುವುದರಿಂದ ಹೃದಯದ ಅಲೆಗಳ ವ್ಯಾಪ್ತಿಯೊಳಗೇ ಬೆರೆತುಹೋಗಿ, ಎಷ್ಟೋ ಸಲ ಏಟ್ರಿಯಲ್ ಫ್ಲಟರ್‌ನಂತೆ (ಹೃದಯದ ಮೇಲಿನ ಕೋಣೆಗಳು ಅತಿ ವೇಗವಾಗಿ ಬಡಿಯುವ ತೊಂದರೆಯಂತೆ) ಕಾಣುತ್ತದೆ. ಮಣಿಕಟ್ಟಿನ ಎಲೆಕ್ಟ್ರೋಡ್‌ಗಳನ್ನು ತೋಳಿನ ಮೇಲ್ಭಾಗಕ್ಕೆ ಸರಿಸಿ, ಕೈಗಳ ಕೆಳಗೆ ದಿಂಬು ಕೊಡಿ. ಜಾಗ ಬದಲಿಸಿದ್ದನ್ನೂ ರೋಗಿಗೆ ನಡುಕವಿರುವುದನ್ನೂ ಗ್ರಾಫಿನ ಮೇಲೆ ತಪ್ಪದೆ ನಮೂದಿಸಿ. ಅದನ್ನು ಓದುವ ವೈದ್ಯರು ರೋಗಿಯನ್ನು ಕಣ್ಣಾರೆ ನೋಡಿರುವುದಿಲ್ಲ.