ಪ್ರೊಪೇನ್ ಉರಿಸುವ ಲೆಕ್ಕ: ಪುಸ್ತಕದಲ್ಲಿ 60, ನನಗೆ 100

ಬದಿಯಡ್ಕದ ಪ್ಲಸ್ ಒನ್ ಹುಡುಗ:
ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಈಗ ಎಲ್ಲ ಇಂಗ್ಲಿಷ್, ಹಾಗಾಗಿ ಕನ್ನಡದಲ್ಲೇ ಕೇಳುತ್ತೇನೆ. 10 ಮಿ.ಲೀ. ಪ್ರೊಪೇನ್‌ಗೆ (ಅಡುಗೆ ಗ್ಯಾಸ್‌ನಲ್ಲಿರುವ ಒಂದು ಅನಿಲ) 80 ಮಿ.ಲೀ. ಆಮ್ಲಜನಕ ಸೇರಿಸಿ ಪೂರ್ತಿ ಉರಿಸಿ, ಮೊದಲಿನಷ್ಟೇ ತಣ್ಣಗೆ ಮಾಡಿದರೆ ಎಷ್ಟು ಅನಿಲ ಉಳಿಯುತ್ತದೆ? 1 ಪ್ರೊಪೇನ್‌ಗೆ 5 ಆಮ್ಲಜನಕ ಬೇಕು, 3 ಕಾರ್ಬನ್ ಡೈಆಕ್ಸೈಡ್ ಮತ್ತು 4 ನೀರು ಬರುತ್ತದೆ, ಅಲ್ವಾ? ಹಾಗಾದರೆ 30, 40, ಮಿಕ್ಕ ಆಮ್ಲಜನಕ 30, ಒಟ್ಟು 100. ಪುಸ್ತಕದ ಹಿಂದೆ 60 ಅಂತಿದೆ. ಮೂರು ಸಲ ಮಾಡಿದೆ, ಮತ್ತೂ 100 ಬರುತ್ತದೆ.

ಕುಂಬಳೆಯ ಟ್ಯೂಷನ್ ಟೀಚರ್:
ಸಮೀಕರಣ ಸರಿಯಾಗಿದೆ ತಮ್ಮಾ. ನೀರನ್ನೂ ಅನಿಲದ ಸಾಲಿಗೆ ಸೇರಿಸಿದ್ದೀಯ, ಅದೇ ತಪ್ಪು. ಇಟಲಿಯ ವಿಜ್ಞಾನಿ ಅವೊಗಾಡ್ರೊ 1811ರಲ್ಲಿ ಹೇಳಿದ್ದು ಅನಿಲಗಳ ಬಗ್ಗೆ: ಒಂದೇ ಉಷ್ಣತೆ, ಒಂದೇ ಒತ್ತಡ ಇದ್ದರೆ ಸಮ ಗಾತ್ರದಲ್ಲಿ ಸಮ ಸಂಖ್ಯೆಯ ಅಣುಗಳು. ಅದಕ್ಕೇ ಸಮೀಕರಣದ 1, 5, 3 ಅನ್ನು ಸೀದಾ ಮಿ.ಲೀ. ಆಗಿ ಓದಬಹುದು. ತಣಿದ ಮೇಲೆ ಆವಿ ನೀರಾಗುತ್ತದೆ, ನೀರಿಗೆ ಈ ಮಾತು ಹೊಂದುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ 1 ಮೋಲ್ (ಅಣುಗಳನ್ನು ಎಣಿಸುವ ಅಳತೆ) ಅನಿಲಕ್ಕೆ ಸುಮಾರು 24 ಲೀಟರ್, 1 ಮೋಲ್ ನೀರಿಗೆ 18 ಗ್ರಾಂ ಅಂತ ಹಿಡಿದು ನೋಡು, ನಿನ್ನ ಆ 40 ಮಿ.ಲೀ. ಅಂದರೆ ಬರೀ 0.03 ಗ್ರಾಂ ನೀರು, ಒಂದು ಹನಿಯೂ ಪೂರ್ತಿ ಆಗುವುದಿಲ್ಲ. ಅದನ್ನು ಬಿಟ್ಟುಬಿಡು. 30 ಮತ್ತು 30, ಒಟ್ಟು 60.

ಪೆರ್ಲದ ಅಕ್ಕ:
ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಬಾವಿಯ ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯನ್ನು ಗ್ಯಾಸ್ ಒಲೆಯ ಮೇಲೆ ಇಟ್ಟ ಕೂಡಲೇ ಹೊರಮೈ ಬೆವರುತ್ತದೆ, ಪಾತ್ರೆ ಸೋರುತ್ತಿದೆ ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಅದು ಗ್ಯಾಸ್ ಉರಿದು ಹುಟ್ಟಿದ ನೀರು. ಪಾತ್ರೆ ಬಿಸಿಯಾದ ಮೇಲೆ ಕಾಣುವುದಿಲ್ಲ, ಆವಿಯಾಗಿಯೇ ಹೋಗುತ್ತದೆ.

ಉಪ್ಪಳದಿಂದ ಒಬ್ಬರು:
ಹಾಗಂತ ನೀರನ್ನು ಯಾವಾಗಲೂ ಬಿಡಬೇಡಿ, ಪರೀಕ್ಷೆಯಲ್ಲಿ ಜಾಸ್ತಿ ಮಕ್ಕಳು ಬೀಳುವುದು ಅಲ್ಲೇ. ಮೊದಲು ಮತ್ತು ಕೊನೆಗೆ ಎರಡೂ ಸಲ 120 ಡಿಗ್ರಿಯಲ್ಲಿ ಅಳೆದರೆ ಅಂತ ಕೇಳಿದರೆ ನೀರು ಆವಿಯಾಗಿಯೇ ಇರುತ್ತದೆ, ಆಗ ನಿಮ್ಮ 100 ಸರಿ ಉತ್ತರ. ಇನ್ನೊಂದು, ಉಳಿದದ್ದನ್ನು ಕಾಸ್ಟಿಕ್ ಪೊಟ್ಯಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಹಾಯಿಸಿದರೆ ಅಂತ ಬಂದರೆ ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಹೀರಿಹೋಗುತ್ತದೆ, ಆಮ್ಲಜನಕ 30 ಮಾತ್ರ ಉಳಿಯುತ್ತದೆ. ಆಮ್ಲಜನಕದ ಬದಲು ಗಾಳಿ ಕೊಟ್ಟಿದ್ದರೆ ಅದರಲ್ಲಿ ನೂರಕ್ಕೆ ಸುಮಾರು 21 ಪಾಲು ಮಾತ್ರ ಆಮ್ಲಜನಕ, ನೈಟ್ರೋಜನ್ ಹಾಗೇ ಕೊನೆವರೆಗೂ ಉಳಿಯುತ್ತದೆ, ಅದನ್ನೂ ಕೂಡಿಸಬೇಕು.

ಬದಿಯಡ್ಕದ ಪ್ಲಸ್ ಒನ್ ಹುಡುಗ:
ಈಗ ಗೊತ್ತಾಯಿತು ಟೀಚರ್. ಸುಮ್ನೆ ಬ್ಯುಟೇನ್ ಹಾಕಿ ನೋಡಿದೆ. 10 ಮಿ.ಲೀ.ಗೆ 65 ಆಮ್ಲಜನಕ ಬೇಕು, 80ರಲ್ಲಿ 15 ಮಿಕ್ಕುತ್ತದೆ, ಕಾರ್ಬನ್ ಡೈಆಕ್ಸೈಡ್ 40. ತಣಿದ ಮೇಲೆ 55, ಸರಿಯಾ?

ಕುಂಬಳೆಯ ಟ್ಯೂಷನ್ ಟೀಚರ್:
ಸರಿ. ಅದನ್ನೇ 120 ಡಿಗ್ರಿಯಲ್ಲಿ ಅಳೆದರೆ ಎಷ್ಟು ಅಂತ ಮಾಡಿ ನಾಳೆ ಹಾಕು.