ನಾಗರಿಕ ಸುರಕ್ಷತೆಯ ಸಂಶೋಧನೆಗೆ ಸಾರ್ವಜನಿಕ ಹಣ: ಉದ್ಯಮದ ಜೊತೆಗಿನ ಒಪ್ಪಂದ ಹೇಗಿರಬೇಕು?

ಪ್ರಶ್ನೆ — ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಸಿವಿಲ್ ವಿಭಾಗದ ಸಹೋದ್ಯೋಗಿಗಳ ಜೊತೆ ಸೇರಿ, ಸಕಲೇಶಪುರ ತಾಲ್ಲೂಕಿನ ಗುಡ್ಡಗಳಲ್ಲಿ ಧರೆ ಕುಸಿಯುವ ಮುನ್ನವೇ ಎಚ್ಚರಿಸಬಲ್ಲ ಸಾಧನವೊಂದನ್ನು ರೂಪಿಸುವ ಯೋಜನೆಯನ್ನು ಸಿದ್ಧಪಡಿಸುತ್ತಿದ್ದೇವೆ. ಮಣ್ಣಿನೊಳಗಿನ ನೀರಿನ ಒತ್ತಡ, ಇಳಿಜಾರಿನ ವಾಲಿಕೆ ಮತ್ತು ಮಳೆಯ ಪ್ರಮಾಣ, ಈ ಮೂರನ್ನೂ ಒಟ್ಟಿಗೆ ಅಳೆದು ಕಳುಹಿಸುವುದು ಅದರ ಕೆಲಸ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಮಣ್ಣು ಜಾರಿ ರೈಲು ಸಂಚಾರ ನಿಂತದ್ದನ್ನು ನೋಡಿದ ಮೇಲೆ ಈ ಕೆಲಸ ಇನ್ನು ತಡವಾಗಬಾರದು ಎನ್ನಿಸಿದೆ.

ಹಣಕ್ಕಾಗಿ ನಾವು ಅರ್ಜಿ ಹಾಕುತ್ತಿರುವ ಸರ್ಕಾರಿ ಯೋಜನೆಯಲ್ಲಿ ಉದ್ಯಮದ ಪಾಲುದಾರರು ಇರಲೇಬೇಕು. ಒಂದು ಕಂಪನಿ ಮುಂದೆ ಬಂದಿದೆ, ಆದರೆ ಮೂರು ಷರತ್ತುಗಳನ್ನು ಇಟ್ಟಿದೆ: ತಂತ್ರಜ್ಞಾನದ ಪರವಾನಗಿ ತಮಗೊಬ್ಬರಿಗೇ ಸಿಗಬೇಕು, ದತ್ತಾಂಶ ತಮ್ಮ ಸರ್ವರಿನಲ್ಲಿಯೇ ಇರಬೇಕು, ಫಲಿತಾಂಶ ಪ್ರಕಟಿಸುವ ಮುನ್ನ ತಮ್ಮ ಒಪ್ಪಿಗೆ ಪಡೆಯಬೇಕು. ಜನರ ತೆರಿಗೆ ಹಣದಲ್ಲಿ, ಜನರ ಪ್ರಾಣ ಉಳಿಸುವ ಉದ್ದೇಶದಿಂದ ನಡೆಯುವ ಕೆಲಸಕ್ಕೆ ಇಂಥ ಷರತ್ತುಗಳನ್ನು ಒಪ್ಪಬಹುದೇ? ಒಪ್ಪದಿದ್ದರೆ ಸಾಧನವನ್ನು ತಯಾರಿಸುವವರು ಯಾರು? ಬೇರೆ ಕಡೆ ಇದನ್ನು ಹೇಗೆ ನಡೆಸುತ್ತಾರೆ ಎಂಬುದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 — ಜರ್ಮನಿಯಲ್ಲಿ ಸಂಶೋಧನೆ ಮಾಡಿ ಬಂದವರು, ಚಿಕ್ಕಮಗಳೂರು

ಮೇಡಂ, ಬೇರೆ ಕಡೆಯ ವಿಚಾರ ಕೇಳಿದ್ದೀರಿ, ನಾನು ಹತ್ತಿರದಿಂದ ಕಂಡದ್ದನ್ನು ಬರೆಯುತ್ತೇನೆ. ಜರ್ಮನಿಯ ಕೇಂದ್ರ ಸರ್ಕಾರ 2007ರಿಂದ ನಾಗರಿಕ ಸುರಕ್ಷತೆಯ ಸಂಶೋಧನೆಗೆಂದೇ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತಿದೆ. ಪ್ರವಾಹ, ಬೆಂಕಿ, ರೈಲು ನಿಲ್ದಾಣದ ಜನಸಂದಣಿ, ವಿದ್ಯುತ್ ಮತ್ತು ಕುಡಿಯುವ ನೀರಿನ ಜಾಲಗಳ ರಕ್ಷಣೆ, ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ವಿಶ್ವವಿದ್ಯಾಲಯಕ್ಕೆ ಯೋಜನೆಯ ಪೂರ್ತಿ ವೆಚ್ಚ ಸಿಗಬಹುದು, ಕಂಪನಿಗಾದರೆ ಸಾಮಾನ್ಯವಾಗಿ ಅದರ ವೆಚ್ಚದ ಅರ್ಧದಷ್ಟು ಮಾತ್ರ. ಉಳಿದರ್ಧವನ್ನು ಕಂಪನಿ ತನ್ನ ಕೈಯಿಂದ ಹಾಕಬೇಕಾದ್ದರಿಂದ, ನಿಜವಾಗಿ ಆಸಕ್ತಿ ಇರುವವರಷ್ಟೇ ಬರುತ್ತಾರೆ. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ನಿಯಮ. ಅಗ್ನಿಶಾಮಕ ದಳ, ಪೊಲೀಸ್, ವಿಪತ್ತು ಪರಿಹಾರ ಪಡೆ ಮೊದಲಾದ ಬಳಕೆದಾರರು ಯೋಜನೆಯ ಮೊದಲ ದಿನದಿಂದಲೇ ಒಳಗಿರಬೇಕೆಂದು ಅಲ್ಲಿ ಅಪೇಕ್ಷಿಸುತ್ತಾರೆ. ಐರೋಪ್ಯ ಒಕ್ಕೂಟ ಸಂಶೋಧನೆಗೆ ಅರ್ಜಿ ಕರೆಯುವ ಪ್ರಕಟಣೆಗಳಲ್ಲೂ ಹಲವೆಡೆ ಇಂಥ ಬಳಕೆದಾರ ಸಂಸ್ಥೆಗಳು ಇಂತಿಷ್ಟು ಇರಲೇಬೇಕೆಂಬ ಷರತ್ತು ಇದೆ.

ಒಕ್ಕೂಟದ ಮೊತ್ತಗಳೂ ಸಣ್ಣವಲ್ಲ. ಸಂಶೋಧನೆಗೆ ಹಣ ಕೊಡುವ ಅದರ 2007ರಿಂದ 2013ರವರೆಗಿನ ಏಳನೇ ಚೌಕಟ್ಟು ಕಾರ್ಯಕ್ರಮದಲ್ಲಿ ಸುರಕ್ಷತೆಯ ವಿಷಯಕ್ಕೆ ಸುಮಾರು 140 ಕೋಟಿ ಯೂರೋ ಇತ್ತು. ಅಂಥದ್ದೇ ಕಾರ್ಯಕ್ರಮವಾದ, 2021ರಿಂದ 2027ರವರೆಗಿನ ಹೊರೈಜನ್ ಯೂರೋಪ್‌ನಲ್ಲಿ ನಾಗರಿಕ ಸುರಕ್ಷತೆಯ ವಿಭಾಗಕ್ಕೆ ಸುಮಾರು 160 ಕೋಟಿ ಯೂರೋ ಇಟ್ಟಿದ್ದಾರೆ. ಬಳಕೆಗೆ ಹತ್ತಿರವಾದ ಯೋಜನೆಗಳಲ್ಲಿ ಲಾಭದ ಕಂಪನಿಗಳಿಗೆ ಶೇ 70ರವರೆಗೆ ವೆಚ್ಚ ಸಿಗುತ್ತದೆ. ಫಲಿತಾಂಶ ಅದನ್ನು ರೂಪಿಸಿದ ಪಾಲುದಾರರದ್ದೇ ಆಗಿರುತ್ತದೆ. ಆದರೆ ಸುರಕ್ಷತೆಯ ವಿಭಾಗದಲ್ಲಿ ಸದಸ್ಯ ರಾಷ್ಟ್ರಗಳ ಅಧಿಕಾರಿಗಳಿಗೂ, ನೀತಿ ರೂಪಿಸುವ ಮತ್ತು ಜಾರಿಗೊಳಿಸುವ ಕೆಲಸಕ್ಕೆ, ವ್ಯಾಪಾರದ ಉದ್ದೇಶವಿಲ್ಲದೆ, ಆ ಫಲಿತಾಂಶವನ್ನು ಬಳಸುವ ಹಕ್ಕನ್ನು ನಿಯಮದಲ್ಲಿಯೇ ಕಾಯ್ದಿರಿಸಲಾಗಿದೆ. ನಿಮ್ಮ ಒಪ್ಪಂದದಲ್ಲಿ ಈ ಒಂದು ಕಲಮನ್ನು ಬಿಡಬೇಡಿ. ಕಂಪನಿಗೆ ಪರವಾನಗಿ ಹೋದರೂ ಜಿಲ್ಲಾಡಳಿತಕ್ಕೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ಬಳಕೆಯ ಹಕ್ಕು ಶಾಶ್ವತವಾಗಿ ಉಳಿಯಬೇಕು.

ಒಕ್ಕೂಟದ ಸಂಶೋಧನಾ ಹಣ ಹಿಂದೆ ನಮ್ಮ ಪಶ್ಚಿಮ ಘಟ್ಟಕ್ಕೂ ಬಂದಿದೆ. ಕೇರಳದ ಮುನ್ನಾರಿನಲ್ಲಿ ಅಮೃತಾ ವಿಶ್ವವಿದ್ಯಾಲಯದವರು ನೆಟ್ಟ ಭೂಕುಸಿತ ಮುನ್ಸೂಚನೆಯ ನಿಸ್ತಂತು ಸಂವೇದಕ ಜಾಲ ಮೊದಲು ರೂಪುಗೊಂಡದ್ದು ಐರೋಪ್ಯ ಒಕ್ಕೂಟದ ಆರನೇ ಚೌಕಟ್ಟು ಕಾರ್ಯಕ್ರಮದ ‘ವಿನ್‌ಸಾಕ್’ ಯೋಜನೆಯ ಭಾಗವಾಗಿ. ಅದು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಅದೇ ತಂಡ ಸಿಕ್ಕಿಂನಲ್ಲೂ ಅಂಥ ವ್ಯವಸ್ಥೆಯನ್ನು ಸ್ಥಾಪಿಸಿತು. ನಿಮ್ಮ ಗುಡ್ಡದ ಮಣ್ಣಿಗೂ ಮಳೆಗೂ ಹತ್ತಿರದ ಅನುಭವ ಅವರದು. ಅರ್ಜಿ ಹಾಕುವ ಮುನ್ನ ಅವರ ಪ್ರಕಟಿತ ಬರಹಗಳನ್ನು ಓದಿ.

ಉತ್ತರ 2 — ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು

ಉಪನ್ಯಾಸಕಿ ಮೇಡಂ ಅವರಿಗೆ ನಮಸ್ಕಾರ. ಒಪ್ಪಂದದ ಕಲಮುಗಳ ವಿಚಾರದಲ್ಲಿ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಸಾಧನ ನೆಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಸಂಶೋಧನಾ ಯೋಜನೆಯೊಂದರವರು ಕಂಬ ನೆಟ್ಟು ಉಪಕರಣ ಕೂರಿಸಿದ್ದರು. ಮೊದಲ ಮಳೆಗಾಲ ಹುಡುಗರು ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಎರಡನೆಯ ವರ್ಷ ಬರುವುದು ಅಪರೂಪವಾಯಿತು. ಮೂರನೆಯ ಮಳೆಗಾಲಕ್ಕೆ ಯೋಜನೆಯ ಅವಧಿ ಮುಗಿದಿತ್ತು, ಹುಡುಗರು ಪದವಿ ಮುಗಿಸಿ ಬೇರೆ ಊರು ಸೇರಿದ್ದರು. ಈಗ ಹೋಗಿ ನೋಡಿದರೆ ಸೋಲಾರ್ ಫಲಕದ ಮೇಲೆ ಹಸಿರು ಪಾಚಿ ಕಟ್ಟಿದೆ, ಬ್ಯಾಟರಿ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿವೆ, ಭೂಮಿಗೆ ಇಳಿದ ಕೇಬಲ್ಲನ್ನು ಹೆಗ್ಗಣ ಕಡಿದಿದೆ. ಸಿಮ್ ಕಾರ್ಡಿಗೆ ರೀಚಾರ್ಜ್ ಮಾಡಿಸುವವರೂ ಇಲ್ಲ. ಸಾಧನ ಕೆಟ್ಟದ್ದು ತಂತ್ರಜ್ಞಾನದ ದೋಷದಿಂದ ಎಂದು ನಾನು ಹೇಳಲಾರೆ. ಮೂರು ವರ್ಷದ ಆಚೆಗೆ ಅದನ್ನು ನೋಡಿಕೊಳ್ಳುವವರಿಗೆ ಹಣ ಯಾರು ಕೊಡುತ್ತಾರೆ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಅಷ್ಟೇ.

ಇದೇ ತೋಟದಲ್ಲಿ ನಮ್ಮ ತಾತನ ಕಾಲದಿಂದ ಮಳೆಯ ಲೆಕ್ಕದ ಪುಸ್ತಕ ನಡೆದು ಬಂದಿದೆ. ಬೆಳಿಗ್ಗೆ ರೈಟರು ಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದಿಡುತ್ತಾರೆ. ಅದು ನಡೆದಿರುವುದು ಆ ಕೆಲಸಕ್ಕೆ ಒಬ್ಬ ಮನುಷ್ಯನೂ ಅವನಿಗೊಂದು ಸಂಬಳವೂ ಇರುವುದರಿಂದ. ನಿಮ್ಮ ಯೋಜನೆಯಲ್ಲಿ ಪಂಚಾಯಿತಿಯ ನೀರುಗಂಟಿಗೋ ತೋಟದ ರೈಟರಿಗೋ ತಿಂಗಳಿಗೆ ಇಷ್ಟು ಗೌರವಧನವೆಂದು ಹಾಕಿ, ಫಲಕ ಒರೆಸುವುದರಿಂದ ಹಿಡಿದು ಬ್ಯಾಟರಿ ಬದಲಿಸುವವರೆಗೆ ಕಲಿಸಿಕೊಡಿ. ಯೋಜನೆ ಮುಗಿದ ಮೇಲಿನ ಐದು ವರ್ಷದ ಲೆಕ್ಕವೂ ಅದರಲ್ಲಿರಲಿ. ಹಾಗೆಯೇ ನಮ್ಮಂಥವರ ಹಳೆಯ ಪುಸ್ತಕಗಳನ್ನು ಕೇಳಿ ಪಡೆಯಿರಿ. ಯಾವ ಆಷಾಢದಲ್ಲಿ ಎಷ್ಟು ಮಳೆ ಬಿದ್ದಾಗ ಯಾವ ಧರೆ ಜಾರಿತು ಎಂಬುದು ಎಷ್ಟೋ ತೋಟಗಳಲ್ಲಿ ಬರೆದಿಟ್ಟಿದೆ.

ಉತ್ತರ 3 — ಸಣ್ಣ ಎಲೆಕ್ಟ್ರಾನಿಕ್ಸ್ ಘಟಕದ ಮಾಲೀಕ, ಹಾಸನ ಕೈಗಾರಿಕಾ ಪ್ರದೇಶ

ಬೆಳೆಗಾರರು ಬರೆದದ್ದಕ್ಕೆ ಉದ್ಯಮದ ಕಡೆಯಿಂದ ಕಾರಣ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೇಡಂ, ಕಂಪನಿಗಳು ಏಕಸ್ವಾಮ್ಯ ಕೇಳುವುದು ಯಾವಾಗಲೂ ದುರಾಸೆಯಿಂದಲ್ಲ. ಧರೆ ಕುಸಿತದ ಎಚ್ಚರಿಕೆ ಸಾಧನವನ್ನು ಅಂಗಡಿಯಲ್ಲಿ ಕೊಳ್ಳುವವರಿಲ್ಲ. ಕೊಳ್ಳುವವರೆಂದರೆ ಸರ್ಕಾರ, ರೈಲ್ವೆ, ಹೆದ್ದಾರಿ ಪ್ರಾಧಿಕಾರ, ಅಷ್ಟೇ. ಸಂಶೋಧನೆಯ ವರ್ಷಗಳಲ್ಲಿ ನಮ್ಮ ಎಂಜಿನಿಯರುಗಳನ್ನು, ಅಚ್ಚುಗಳನ್ನು, ಪರೀಕ್ಷೆಯ ಖರ್ಚನ್ನು ತೊಡಗಿಸಿ ಸಾಧನವನ್ನು ಹದಕ್ಕೆ ತಂದ ಮೇಲೆ, ಖರೀದಿಯ ಹಂತದಲ್ಲಿ ಅದು ಮತ್ತೆ ಟೆಂಡರಿಗೆ ಹೋಗುತ್ತದೆ. ನಮ್ಮ ರಾಜ್ಯದ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ ಭ್ರಷ್ಟಾಚಾರ ತಡೆಯಲು ಬಂದದ್ದು, ಅದು ಬೇಕು. ಆದರೆ ಕಡಿಮೆ ದರ ಹಾಕಿದವರಿಗೆ ಕೆಲಸ ಎಂಬ ಪದ್ಧತಿಯಲ್ಲಿ, ಸಂಶೋಧನೆಗೆ ಒಂದು ರೂಪಾಯಿಯನ್ನೂ ಹಾಕದೆ ಸಿದ್ಧ ಸಾಮಾನನ್ನು ತಂದವರು ಗೆಲ್ಲುತ್ತಾರೆ. ಟೆಂಡರಿಲ್ಲದೆ ಕೊಳ್ಳಲು ಆ ಕಾಯ್ದೆಯ 4-ಜಿ ಕಲಮು ಕೊಡುವ ವಿನಾಯಿತಿ ಎಲ್ಲರಿಗೂ ಎಲ್ಲ ಕಾಲಕ್ಕೂ ಸಿಗುವಂಥದ್ದಲ್ಲ. ಆ ಭಯದಿಂದಲೇ ಕಂಪನಿ ಪರವಾನಗಿಯನ್ನು ಬಿಗಿಯಾಗಿ ಹಿಡಿಯಲು ನೋಡುತ್ತದೆ.

ರಕ್ಷಣಾ ಕ್ಷೇತ್ರದಲ್ಲಿ ಇದಕ್ಕೊಂದು ದಾರಿ ಇದೆ. ಡಿಆರ್‌ಡಿಒ ನಡೆಸುವ ತಂತ್ರಜ್ಞಾನ ಅಭಿವೃದ್ಧಿ ನಿಧಿಯಲ್ಲಿ 50 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ವೆಚ್ಚದ ಶೇ 90ರವರೆಗೆ ಅನುದಾನ ಸಿಗುತ್ತದೆ, ಬೌದ್ಧಿಕ ಆಸ್ತಿಯ ಹಕ್ಕು ಆ ಸಂಸ್ಥೆಗೂ ಕಂಪನಿಗೂ ಜಂಟಿಯಾಗಿರುತ್ತದೆ. ನಾಗರಿಕ ಸುರಕ್ಷತೆಗೆ ಬಂದಾಗ ಚಿತ್ರ ಬೇರೆ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ಎಂದು ಹೇಳಿದ್ದರೂ, ಅದರಲ್ಲಿ 36,000 ಕೋಟಿ ಉದ್ಯಮ, ದಾನಿಗಳು ಮೊದಲಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಅಂದಾಜು. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಸಂಶೋಧನೆ ಮತ್ತು ನಾವೀನ್ಯ ನಿಧಿ ಮುಖ್ಯವಾಗಿ ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲದ ರೂಪದ್ದು. ಮಾರುಕಟ್ಟೆ ಇರುವ ವಸ್ತುವಿಗೆ ಸಾಲ ತೆಗೆದು ತೀರಿಸಬಹುದು. ಕೊಳ್ಳುವವರು ಯಾರೆಂಬ ಖಾತ್ರಿಯೇ ಇಲ್ಲದ ಸಾಧನಕ್ಕೆ ಸಾಲ ತೆಗೆಯಲು ನನ್ನಂಥ ಸಣ್ಣ ಘಟಕದವನಿಗೆ ಧೈರ್ಯ ಸಾಲದು.

ಹಾಗಾದರೆ ದಾರಿ ಯಾವುದು? ನಮ್ಮ ದೇಶದ್ದೇ ಉದಾಹರಣೆ ಇದೆ. 1984ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಸಾರ್ವಜನಿಕ ಹಣದಲ್ಲಿ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಆರಂಭವಾದದ್ದು ನಮ್ಮ ಕಿತ್ತೂರಿನಲ್ಲಿ. ಆ ತಂತ್ರಜ್ಞಾನವನ್ನು ಒಂದೇ ಕಂಪನಿಯ ಕೈಗೆ ಕೊಡದೆ ಹಲವು ತಯಾರಕರಿಗೆ ಪರವಾನಗಿ ಕೊಟ್ಟರು. ಕೊಳ್ಳುವ ಇಲಾಖೆ ಮುಂದೆ ಇದ್ದುದರಿಂದ ಸಣ್ಣ ಘಟಕಗಳೂ ಬದುಕಿದವು, ದೇಶದ ಹಳ್ಳಿಗಳಿಗೆ ಫೋನೂ ಬಂತು. ಇತ್ತೀಚಿನದನ್ನು ನೋಡುವುದಾದರೆ, 2025ರಲ್ಲಿ ರಾಜ್ಯದ ಅರಣ್ಯ ಇಲಾಖೆ ಖಾಸಗಿ ಸಂಸ್ಥೆಯೊಂದರ ಜೊತೆ ಸೇರಿ ಆನೆಗಳಿಗೆ ದೇಶೀಯ ರೇಡಿಯೋ ಕಾಲರ್ ತಂದಿತು. ಹೊರದೇಶದ ಕಾಲರಿಗೆ ಸುಮಾರು ಆರೂವರೆ ಲಕ್ಷ ರೂಪಾಯಿ ಬೀಳುತ್ತಿದ್ದರೆ ಇದಕ್ಕೆ ಸುಮಾರು 1.80 ಲಕ್ಷ, ತೂಕವೂ ಅರ್ಧಕ್ಕಿಂತ ಕಡಿಮೆ. ಅಲ್ಲಿ ಬಳಸುವ ಇಲಾಖೆಯೇ ಮೊದಲಿನಿಂದ ಜೊತೆಗಿತ್ತು. ಬೇಲೂರು, ಆಲೂರು, ಸಕಲೇಶಪುರದ ಕಡೆ ಆನೆಯ ಸುದ್ದಿ ಬಂದ ದಿನ ಮಕ್ಕಳನ್ನು ಶಾಲೆಗೆ ಕಳುಹಿಸಲು ಹೆದರುವ ಮನೆಗಳಿಗೆ ಇದು ಎಷ್ಟು ದೊಡ್ಡ ವಿಷಯವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಿಮ್ಮ ಕಂಪನಿಯವರಿಗೆ ಹೀಗೆ ಹೇಳಿ ನೋಡಿ: ಶಾಶ್ವತ ಏಕಸ್ವಾಮ್ಯ ಕೊಡುವುದಿಲ್ಲ, ಮೊದಲ ಮೂರು ವರ್ಷ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ಸಾಧನ ಒದಗಿಸುವ ಹಕ್ಕು ನಿಮಗೆ, ಅದಾದ ಮೇಲೆ ರಾಯಧನ ಕೊಡುವ ಯಾವ ತಯಾರಕರಿಗಾದರೂ ಪರವಾನಗಿ. ಇದಕ್ಕೆ ಪ್ರತಿಯಾಗಿ ಜಿಲ್ಲಾಡಳಿತದಿಂದ, ಪರೀಕ್ಷೆಯಲ್ಲಿ ಗೆದ್ದರೆ ಇಂತಿಷ್ಟು ಸಾಧನಗಳನ್ನು ಕೊಳ್ಳುವ ಉದ್ದೇಶವಿದೆ ಎಂಬ ಪತ್ರವನ್ನು ತರಲು ನೀವು ಯತ್ನಿಸಿ. ಹಣದ ದಾರಿ ಪೂರ್ತಿ ಮುಚ್ಚಿಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ನ್ನು ಅಪಾಯ ತಗ್ಗಿಸುವ ಕೆಲಸಗಳಿಗೆಂದೇ ಬೇರ್ಪಡಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ 1,000 ಕೋಟಿಯ ಭೂಕುಸಿತ ಅಪಾಯ ತಗ್ಗಿಸುವ ಯೋಜನೆಯಲ್ಲಿ ಕರ್ನಾಟಕದ ಪಾಲು 72 ಕೋಟಿ. ಸಂಶೋಧನೆಯ ಹಣ ಒಂದು ಇಲಾಖೆಯದು, ಕೊಳ್ಳುವ ಹಣ ಇನ್ನೊಂದರದು. ಇವೆರಡನ್ನೂ ಒಂದೇ ಮೇಜಿಗೆ ತರುವ ಕೆಲಸ ಯಾರಾದರೂ ಮಾಡಲೇಬೇಕು. ಇಂಥ ಪತ್ರವಿದ್ದರೆ ನನ್ನ ಘಟಕವೂ ಬರಲು ಸಿದ್ಧ, ಏಕಸ್ವಾಮ್ಯ ಕೇಳುವುದಿಲ್ಲ.

ಉತ್ತರ 4 — ವಕೀಲರು, ಚಿಕ್ಕಮಗಳೂರು

ಪ್ರಕಟಣೆಯ ಮುನ್ನ ಕಂಪನಿಯ ಒಪ್ಪಿಗೆ ಎಂಬ ಮೂರನೆಯ ಷರತ್ತಿನ ಬಗ್ಗೆ ಮಾತ್ರ ಬರೆಯುತ್ತೇನೆ. ಪೇಟೆಂಟ್ ಅರ್ಜಿ ಹಾಕಲು ಕೆಲವು ವಾರ ಕಾಯುವುದು ನ್ಯಾಯ. ಅದಕ್ಕಿಂತ ಹೆಚ್ಚಿನ ಹಿಡಿತವನ್ನು ದಯವಿಟ್ಟು ಒಪ್ಪಬೇಡಿ.

ಯೂರೋಪಿನಲ್ಲಿ ‘ಐಬಾರ್ಡರ್‌ಕಂಟ್ರೋಲ್’ ಎಂಬ ಯೋಜನೆಗೆ ಒಕ್ಕೂಟ ಸುಮಾರು 45 ಲಕ್ಷ ಯೂರೋ ಕೊಟ್ಟಿತು. ಗಡಿ ದಾಟುವವರ ಮುಖಭಾವವನ್ನು ಯಂತ್ರ ನೋಡಿ ಸುಳ್ಳು ಹೇಳುತ್ತಿದ್ದಾರೆಯೇ ಎಂದು ತೀರ್ಮಾನಿಸುವ ಪ್ರಯೋಗ ಅದರಲ್ಲಿ ಸೇರಿತ್ತು. ಅದರ ನೈತಿಕ ಮತ್ತು ಕಾನೂನಿನ ಪರಿಶೀಲನೆಯ ಕಾಗದಗಳನ್ನು ಕೇಳಿ ಮುಂದೆ ಐರೋಪ್ಯ ಸಂಸತ್ತಿನ ಸದಸ್ಯರಾದ ಜರ್ಮನಿಯ ಪ್ಯಾಟ್ರಿಕ್ ಬ್ರೆಯರ್ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2021ರ ಡಿಸೆಂಬರಿನಲ್ಲಿ ಬಂದ ತೀರ್ಪು ಅವರಿಗೆ ಭಾಗಶಃ ಮಾತ್ರ ದಕ್ಕಿತು. ಯೋಜನೆಯ ಪಾಲುದಾರರ ವ್ಯಾಪಾರದ ಹಿತವೆಂಬ ಕಾರಣಕ್ಕೆ ಹಲವು ಮಾಹಿತಿಗಳು ಮುಚ್ಚಿಯೇ ಉಳಿದವು, 2023ರ ಮೇಲ್ಮನವಿಯೂ ವಜಾ ಆಯಿತು. ಸಾರ್ವಜನಿಕ ಹಣದ ಸಂಶೋಧನೆ ಕಂಪನಿಯ ಗುಟ್ಟಾದರೆ ನಾಗರಿಕನ ಪಾಡು ಹೀಗಾಗುತ್ತದೆ. ನಿಮ್ಮ ಸಾಧನ ಯಾರ ಮುಖವನ್ನೂ ನೋಡುವುದಿಲ್ಲ, ನಿಜ. ಆದರೂ ಯಾವ ಗುಡ್ಡದ ಕೆಳಗಿನ ಮನೆಗಳು ಅಪಾಯದಲ್ಲಿವೆ ಎಂಬ ಸಂಗತಿ ಆ ಮನೆಯವರಿಗೆ ತಿಳಿಯಲು ಕಂಪನಿಯ ಒಪ್ಪಿಗೆ ಬೇಕಾಗುವ ಪರಿಸ್ಥಿತಿ ಬರಕೂಡದು. ಎಚ್ಚರಿಕೆ ಎಷ್ಟು ಬಾರಿ ತಪ್ಪಿತು, ಎಷ್ಟು ಬಾರಿ ಸುಮ್ಮನೆ ಕೂಗಿತು ಎಂಬ ದಾಖಲೆಯೂ ಸಾರ್ವಜನಿಕವಾಗಿರಬೇಕೆಂದು ಒಪ್ಪಂದದಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪರವಾನಗಿಯ ವಿಚಾರದಲ್ಲಿ ಘಟಕದ ಮಾಲೀಕರು ಸೂಚಿಸಿದ ಅವಧಿಬದ್ಧ ಹಕ್ಕನ್ನು ಕಂಪನಿಯ ಮುಂದಿಡುತ್ತೇವೆ, ಒಪ್ಪದಿದ್ದರೆ ಅವರ ಘಟಕವನ್ನೇ ಸಂಪರ್ಕಿಸುತ್ತೇವೆ. ದತ್ತಾಂಶ ಕಂಪನಿಯ ಸರ್ವರಿನಲ್ಲಿ ಮಾತ್ರ ಇರುವುದಕ್ಕೆ ನಾವು ಒಪ್ಪುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಪಕಗಳಿಂದ ಪ್ರತಿ 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವ ವ್ಯವಸ್ಥೆ ರಾಜ್ಯದ ಉಸ್ತುವಾರಿ ಕೇಂದ್ರದಲ್ಲಿ ಈಗಾಗಲೇ ಇರುವುದರಿಂದ, ನಮ್ಮ ಸಾಧನದ ಅಂಕಿಅಂಶವೂ ನೇರವಾಗಿ ಅಲ್ಲಿಗೆ ಹೋಗುವಂತೆ ವಿನ್ಯಾಸ ಬದಲಿಸುತ್ತಿದ್ದೇವೆ. ಜನರಿಗೆ ಸಂದೇಶ ಮುಟ್ಟಿಸಲು ಕಂಪನಿಯ ಪ್ರತ್ಯೇಕ ಆ್ಯಪ್ ಬೇಕಾಗಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮೆಲ್ಲರ ಫೋನುಗಳು ಒಟ್ಟಿಗೆ ಮೊಳಗಿದ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯೂ ಸಿ-ಡಾಟ್‌ನದೇ. ಎಚ್ಚರಿಕೆ ಕೊಡುವ ಅಧಿಕಾರ ಆಡಳಿತದ್ದಾಗಿ, ಆ ದಾರಿಯಲ್ಲೇ ಹೋಗಲಿ.

ಬೆಳೆಗಾರರ ಮಾತು ನಮ್ಮ ಆಯವ್ಯಯವನ್ನೇ ಬದಲಿಸಿತು. ಸಾಧನಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಉಳಿದ ಹಣವನ್ನು ನಿರ್ವಹಣೆಗೂ ಸ್ಥಳೀಯರ ಗೌರವಧನಕ್ಕೂ ತೆಗೆದಿಟ್ಟಿದ್ದೇವೆ. ಯೋಜನೆ ಮುಗಿದ ಮೇಲಿನ ವರ್ಷಗಳಿಗೆ ಅನುದಾನದ ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ಆ ಭಾಗವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ವಹಿಸಿಕೊಳ್ಳಬೇಕೆಂದು ಕೋರಿ ಪತ್ರ ಬರೆಯುತ್ತಿದ್ದೇವೆ. ಮಳೆಯ ಹಳೆಯ ಪುಸ್ತಕಗಳನ್ನು ನೋಡಲು ಯಾವಾಗ ಬರಬಹುದೆಂದು ಬೆಳೆಗಾರರು ತಿಳಿಸಿದರೆ, ನಮ್ಮ ವಿದ್ಯಾರ್ಥಿಗಳು ಬಂದು ಅಲ್ಲಿಯೇ ಕುಳಿತು ನಕಲು ಮಾಡಿಕೊಳ್ಳುತ್ತಾರೆ.