ಅಂಕೋಲಾ–ಕಾರವಾರ ದಿನದ ಓಡಾಟಕ್ಕೆ ಕಾರು: ಲೀಸ್ ಆದೀತೇ, ಸೆಕೆಂಡ್ ಹ್ಯಾಂಡ್ ಒಳ್ಳೆಯದೇ?

ಕೇಳಿದವರು:
ಅಂಕೋಲಾದಲ್ಲಿ ಮನೆ, ಕಾರವಾರದಲ್ಲಿ ಆಫೀಸು. ಹೋಗಿಬರಲು ದಿನಕ್ಕೆ ಸುಮಾರು 70 ಕಿ.ಮೀ., ತಿಂಗಳಿಗೆ 24 ದಿನ. ಬಸ್ಸು, ರೈಲಿನ ಸಮಯ ನನ್ನ ಡ್ಯೂಟಿಗೆ ಹೊಂದುವುದಿಲ್ಲ. ಪೆಟ್ರೋಲ್ ಬಿಟ್ಟು ತಿಂಗಳಿಗೆ ₹12,000 ಕೊಡಬಲ್ಲೆ, ಕೈಯಲ್ಲಿ ₹1 ಲಕ್ಷ ಇದೆ. ಮೂರು ವರ್ಷದ ಮೇಲೆ ವರ್ಗವಾಗಬಹುದು, ಅದಕ್ಕೇ ಲೀಸ್ ನೋಡುತ್ತಿದ್ದೇನೆ. ಒಬ್ಬರು ‘ಎರಡೂವರೆ ಲಕ್ಷ ಕೊಡಿ, ಎರಡು ವರ್ಷ ಗಾಡಿ ಓಡಿಸಿ, ಗಾಡಿ ಬಿಟ್ಟಾಗ ಹಣ ವಾಪಸ್’ ಎನ್ನುತ್ತಿದ್ದಾರೆ. ಇನ್ನೊಬ್ಬರು ಗೋವಾದಿಂದ ತಿಂಗಳ ಬಾಡಿಗೆಗೆ ಕೊಡಿಸುತ್ತೇನೆ ಎಂದಿದ್ದಾರೆ. ಯಾವುದು ನಂಬಿಕೆಯದ್ದು ಹೇಳಿ.

ಕುಮಟಾದಿಂದ, ವಾಹನ ಸಾಲದ ಕೆಲಸದಲ್ಲಿರುವವರು:
ಎರಡೂವರೆ ಲಕ್ಷದ ಮಾತು ಇವತ್ತೇ ಬಿಟ್ಟುಬಿಡಿ. ಮನೆ ಲೀಸ್‌ಗೆ ಹಾಕಿದ ಹಾಗೆ ಕಾರು ಹಾಕುವವರಲ್ಲಿ ಬಹಳಷ್ಟು ಗಾಡಿಗಳ ಮೇಲೆ ಬ್ಯಾಂಕಿನ ಸಾಲ ಇರುತ್ತದೆ. ಮಾಲೀಕ ಕಂತು ಕಟ್ಟದಿದ್ದರೆ ಫೈನಾನ್ಸಿನವರು ಗಾಡಿ ಎತ್ತಿಕೊಂಡು ಹೋಗುತ್ತಾರೆ. ನಿಮ್ಮ ಸ್ಟಾಂಪ್ ಪೇಪರ್ ಕರಾರು ತೋರಿಸಿದರೆ ಅವರು ಓದುವುದೂ ಇಲ್ಲ, ಏಕೆಂದರೆ ಸಾಲ ತೀರುವವರೆಗೆ ಗಾಡಿಯ ಮೇಲೆ ಮೊದಲ ಹಕ್ಕು ಅವರದ್ದು. ಸಾಲ ಇಲ್ಲದ ಗಾಡಿಯೇ ಆದರೂ ಎರಡು ವರ್ಷದ ನಂತರ ಆ ಹಣ ಅವರ ಕೈಯಲ್ಲಿ ಇರುತ್ತದೆ ಎನ್ನಲು ಆಧಾರ ಏನು? ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಎಚ್‌ಪಿ (ಗಾಡಿಯ ಮೇಲೆ ಸಾಲ ಇದೆ ಎಂಬ ನಮೂದು) ಇದೆಯೋ ಇಲ್ಲವೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಕಂಪನಿಗಳ ನಿಜವಾದ ಲೀಸ್. ಇದರ ಬಾಡಿಗೆ ಹೇಗೆ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಆನ್ ರೋಡ್ ₹7 ಲಕ್ಷದ ಹೊಸ ಕಾರು ಮೂರು ವರ್ಷದ ನಂತರ ₹4 ಲಕ್ಷಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಬೆಲೆ ಇಳಿದದ್ದೇ ತಿಂಗಳಿಗೆ ₹8,333. ಸರಾಸರಿ ಐದೂವರೆ ಲಕ್ಷಕ್ಕೆ 10% ಬಡ್ಡಿ ಹಿಡಿದರೆ ತಿಂಗಳಿಗೆ ₹4,583. ಇನ್ಶೂರೆನ್ಸ್, ಸರ್ವೀಸ್ ಸೇರಿ ₹2,500. ಒಟ್ಟು ಹದಿನೈದು ಸಾವಿರ ದಾಟಿತು. ಚಿಕ್ಕ ಕಾರಿನ ಲೀಸ್ ಬಾಡಿಗೆಗೆ ಅದರ ಮೇಲೆ 18% ಜಿಎಸ್‌ಟಿ. ಅಲ್ಲಿಗೆ ₹18,000 ಆಯಿತು, ಕಂಪನಿಯ ಲಾಭ ಇನ್ನೂ ಸೇರಿಸಿಲ್ಲ. ₹12,000ಕ್ಕೆ ಇದು ಕೂಡುವುದಿಲ್ಲ. ಕಡಿಮೆ ಬಾಡಿಗೆ ಹೇಳಿದರೆ ಅದಕ್ಕೆ ಕಾರಣ ಎಲ್ಲೋ ಇರುತ್ತದೆ. ಹೆಚ್ಚಾಗಿ ಕಿಲೋಮೀಟರ್ ಮಿತಿಯಲ್ಲಿ. ನಿಮ್ಮದು ಆಫೀಸಿಗೆ ಹೋಗಿಬರುವುದೇ ವರ್ಷಕ್ಕೆ 20,160 ಕಿ.ಮೀ. ಒಪ್ಪಂದದಲ್ಲಿ 15,000 ಎಂದಿದ್ದು, ಮೀರಿದ ಪ್ರತಿ ಕಿ.ಮೀ.ಗೆ ₹8 ಎಂದಿದ್ದರೆ, ವರ್ಷದ ಕೊನೆಗೆ ₹41,000 ಬಿಲ್ ಬರುತ್ತದೆ. ಮಧ್ಯೆ ವರ್ಗವಾದರೆ ಬಿಡುವ ದಂಡ ಬೇರೆ. ನಿಮ್ಮ ಸಂಸ್ಥೆಯೇ ಲೀಸ್‌ಗೆ ಪಡೆದು ಸಂಬಳದಲ್ಲಿ ಹಿಡಿಯುವ ಪದ್ಧತಿ ಇದ್ದರೆ ಆದಾಯ ತೆರಿಗೆಯಲ್ಲಿ ಉಳಿತಾಯ ಆಗುತ್ತದೆ, ಅದೂ ಮೇಲಿನ ಸ್ಲ್ಯಾಬಿನಲ್ಲಿದ್ದವರಿಗೆ. ಅಂಥ ಪದ್ಧತಿ ಇಲ್ಲದಿದ್ದರೆ ಆ ಲಾಭವೂ ಇಲ್ಲ.

ನಿಮ್ಮ ಲೆಕ್ಕಕ್ಕೆ ಕೂಡುವುದು ₹3.5 ಲಕ್ಷದೊಳಗಿನ ಸೆಕೆಂಡ್ ಹ್ಯಾಂಡ್ ಚಿಕ್ಕ ಪೆಟ್ರೋಲ್ ಕಾರು. ವ್ಯಾಗನ್‌ಆರ್, ಸೆಲೆರಿಯೊ, ಟಿಯಾಗೊ ಆ ಜಾತಿಯದ್ದು. ₹1 ಲಕ್ಷ ನೀವು ಹಾಕಿ, ₹2.5 ಲಕ್ಷ ಸಾಲ, 12% ಬಡ್ಡಿ, 36 ಕಂತು: ತಿಂಗಳಿಗೆ ₹8,303. ಇನ್ಶೂರೆನ್ಸ್‌ಗೆ ₹850, ಸರ್ವೀಸ್‌ಗೆ ₹850, ಟಯರ್‌ಗೆ ₹670 ಎತ್ತಿಡಿ. ನಾಲ್ಕು ಟಯರಿಗೆ ₹16,000, ನಿಮ್ಮ ಓಡಾಟದಲ್ಲಿ ಎರಡು ವರ್ಷ ಬರುತ್ತವೆ. ಎಲ್ಲ ಸೇರಿ ₹10,700ರ ಆಸುಪಾಸು. ಉಳಿದದ್ದು ಟೋಲ್‌ಗೆ, ರಿಪೇರಿಗೆ. ವರ್ಗವಾಗುವ ಹೊತ್ತಿಗೆ ಸಾಲ ತೀರಿ ಗಾಡಿ ನಿಮ್ಮದಾಗಿರುತ್ತದೆ. ಕರ್ನಾಟಕದ ಒಳಗೇ ವರ್ಗವಾದರೆ ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಸಾಕು, ಮತ್ತೆ ತೆರಿಗೆ ಇಲ್ಲ.

ಬಡ್ಡಿ ಕೇಳುವಾಗ ಒಂದೇ ಪ್ರಶ್ನೆ: ಫ್ಲ್ಯಾಟೋ (ಕೊನೆಯವರೆಗೂ ಮೊದಲ ಅಸಲಿನ ಮೇಲೇ ಬಡ್ಡಿ), ರೆಡ್ಯೂಸಿಂಗೋ (ಉಳಿದ ಅಸಲಿನ ಮೇಲೆ ಮಾತ್ರ)? ಬ್ರೋಕರ್‌ಗಳು ‘8 ಪರ್ಸೆಂಟ್ ಅಷ್ಟೇ’ ಎನ್ನುವುದು ಫ್ಲ್ಯಾಟ್. ನಾಲ್ಕು ವರ್ಷದ ಸಾಲಕ್ಕೆ ಅದು ರೆಡ್ಯೂಸಿಂಗ್ ಲೆಕ್ಕದಲ್ಲಿ 14%ಕ್ಕಿಂತ ಮೇಲೆ ಬೀಳುತ್ತದೆ, ಏಕೆಂದರೆ ತೀರಿಸಿದ ಅಸಲಿಗೂ ನೀವು ಬಡ್ಡಿ ಕಟ್ಟುತ್ತಲೇ ಇರುತ್ತೀರಿ. ಪ್ರೊಸೆಸಿಂಗ್ ಚಾರ್ಜು, ಬೇಗ ತೀರಿಸಿದರೆ ಎಷ್ಟು ದಂಡ ಎಂಬುದೂ ಬರಹದಲ್ಲಿ ಬರಲಿ.

ಕಾರವಾರದಿಂದ, ಆರ್‌ಟಿಓ ಕಾಗದಪತ್ರ ಬಲ್ಲವರು:
ಗೋವಾ ಬಾಡಿಗೆ ಗಾಡಿ ಅಂದರಲ್ಲ, ಮೊದಲು ನಂಬರ್ ಪ್ಲೇಟ್ ನೋಡಿ. ತಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡ್ ಖಾಸಗಿ ಗಾಡಿ ಬಾಡಿಗೆಗೆ ಕೊಟ್ಟರೆ ಪರ್ಮಿಟ್ ಇಲ್ಲದ ಓಡಾಟ, ಮೋಟಾರು ವಾಹನ ಕಾಯ್ದೆಯ 192ಎ ಪ್ರಕಾರ ₹10,000 ದಂಡ. ದಂಡಕ್ಕಿಂತ ದೊಡ್ಡ ಅಪಾಯ ಇನ್ಶೂರೆನ್ಸ್. ಖಾಸಗಿ ಪಾಲಿಸಿ ಬಾಡಿಗೆ ಬಳಕೆಗೆ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ, ಅಪಘಾತವಾದರೆ ಗಾಡಿಯ ರಿಪೇರಿಗೆ ಬಿಡಿಗಾಸೂ ಬಾರದು. ಕಪ್ಪು ಬೋರ್ಡಿನದ್ದೇ ಆದರೂ ಪರ್ಮಿಟ್ ಕರ್ನಾಟಕಕ್ಕೂ ಇದೆಯೇ ಎಂದು ಪ್ರತಿ ತೆಗೆಸಿ ಓದಿ. ಗೋವಾ ಗಡಿಯ ಮಾಜಾಳಿ ದಾಟುವ ಮೊದಲೇ ಓದಬೇಕಾದ ಕಾಗದ ಅದು.

ಟೋಲ್ ವಿಷಯ ಯಾರೂ ಬಿಡಿಸಿ ಹೇಳಿಲ್ಲ. ನಿಮ್ಮ ದಾರಿಯಲ್ಲಿ ಹಟ್ಟಿಕೇರಿ ಟೋಲ್ ಇದೆ, ದಿನಕ್ಕೆ ಎರಡು ಸಲ ದಾಟಬೇಕು. 2025ರ ಆಗಸ್ಟ್ 15ರಂದು ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025–26ರಲ್ಲಿ ₹3,000 ಇತ್ತು, 200 ಸಲ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ತಿಂಗಳಿಗೆ 48 ಸಲ ದಾಟುವವರಿಗೆ ಅದು ನಾಲ್ಕು ತಿಂಗಳು ಚಿಲ್ಲರೆಗೆ ಮುಗಿಯುತ್ತದೆ. ಟೋಲಿನಿಂದ 20 ಕಿ.ಮೀ. ಒಳಗೆ ಮನೆ ಇದ್ದವರಿಗೆ ಸ್ಥಳೀಯ ತಿಂಗಳ ಪಾಸ್ ಇದೆ, 2025–26ರಲ್ಲಿ ₹350 ಇತ್ತು. ಅಂಕೋಲಾ ಪೇಟೆ ಆ ಮಿತಿಯೊಳಗೇ ಬರುತ್ತದೆ. ಆರ್‌ಸಿ, ಆಧಾರ್ ಎರಡರಲ್ಲೂ ಸ್ಥಳೀಯ ವಿಳಾಸ ಇರಬೇಕು, ಗಾಡಿ ಖಾಸಗಿ ನೋಂದಣಿಯದ್ದಾಗಿರಬೇಕು. ಬಾಡಿಗೆ ಗಾಡಿಗೆ, ಬೇರೆಯವರ ಹೆಸರಿನ ಗಾಡಿಗೆ ಇದು ಸಿಗುವುದಿಲ್ಲ. ಸ್ವಂತ ಹೆಸರಿಗೆ ಗಾಡಿ ಇರುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವಾಗ: ಗಾಡಿ ಹೆಸರು ಬದಲಿಸುವ ಫಾರಂ 29, 30 ಎರಡಕ್ಕೂ ಮಾರುವವರ ಸಹಿ, ಸಾಲವಿದ್ದರೆ ಬ್ಯಾಂಕಿನ ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಜೊತೆ ಸಾಲದ ನಮೂದು ತೆಗೆಸುವ ಫಾರಂ 35. ಎಚ್‌ಪಿ ಕ್ಯಾನ್ಸಲ್ ಆಗದೆ ಪೂರ್ತಿ ಹಣ ಕೊಡಬೇಡಿ. ಬಾಕಿ ಇ-ಚಲನ್ ಇದೆಯೇ ನೋಡಿ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾರಿದವರ ಪಾಲಿನದು, ಗಾಡಿಯ ಜೊತೆ ಬರುವುದಿಲ್ಲ. ಹಾಗಾಗಿ ‘ಪ್ರೀಮಿಯಂ ಬರೀ ಐದು ಸಾವಿರ’ ಎಂದು ಅವರ ರಸೀದಿ ತೋರಿಸಿದರೆ ನಿಮ್ಮದು ಹೆಚ್ಚಾಗುತ್ತದೆ ಎಂದೇ ಲೆಕ್ಕ ಹಿಡಿಯಿರಿ.

ಬಿಣಗಾದಿಂದ, ಗ್ಯಾರೇಜಿನವರು:
ಕಾಗದ ಸರಿ ಇದ್ದು ಗಾಡಿ ತುಕ್ಕು ಹಿಡಿದಿದ್ದರೆ ಏನು ಬಂತು? ನಮ್ಮ ಕರಾವಳಿಯಲ್ಲಿ ಎಂಜಿನ್‌ಗಿಂತ ಮೊದಲು ಕೆಳಭಾಗ ಸಾಯುತ್ತದೆ. ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ, ಬಂಪರಿನ ಹಿಂದೆ ಕೂತ ಕೆಮ್ಮಣ್ಣಿನ ಕೆಸರು. ಆ ಕೆಸರು ಒದ್ದೆಯಾಗಿಯೇ ಇದ್ದು ಲೋಹ ತಿನ್ನುತ್ತದೆ.

ಗಾಡಿಯನ್ನು ರ‍್ಯಾಂಪಿಗೆ ಏರಿಸದೆ ಬೆಲೆ ಮಾತಾಡಬೇಡಿ. ಬ್ಯಾಟರಿ (ಟಾರ್ಚ್) ಹಿಡಿದು ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಲೋವರ್ ಆರ್ಮ್, ಬ್ರೇಕ್ ಪೈಪ್, ಸೈಲೆನ್ಸರ್ ಜಾಯಿಂಟ್ ನೋಡಿ. ಬ್ರೇಕ್ ಪೈಪ್ ಮೇಲೆ ಬರೀ ಕಂದು ಪುಡಿ ಇದ್ದರೆ ಉಜ್ಜಿ ನೋಡಿ, ಗುಳಿ ಬಿದ್ದಿದ್ದರೆ ಬದಲಿಸಲೇಬೇಕು, ಅದು ಜೀವದ ವಿಷಯ. ಬಾಗಿಲ ಕೆಳಪಟ್ಟಿಗೆ ಚಿಕ್ಕ ಅಯಸ್ಕಾಂತ ಹಿಡಿಯಿರಿ. ಹಿಡಿಯದ ಜಾಗದಲ್ಲಿ ತುಕ್ಕು ಕೊರೆದು ಪುಟ್ಟಿ ತುಂಬಿದ್ದಾರೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ, ಅಲ್ಲಿ ಯಾರೂ ಪೇಂಟ್ ಹೊಡೆಯಲು ಹೋಗುವುದಿಲ್ಲ, ಗಾಡಿಯ ನಿಜ ಅಲ್ಲಿ ಸಿಗುತ್ತದೆ. ಎಸಿ ಹಾಕಿ ಹದಿನೈದು ನಿಮಿಷ ಬಿಡಿ. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮುಂದೆಯೇ ಇರುವುದರಿಂದ ಉಪ್ಪಿಗೆ ತೂತು ಬಿದ್ದು ಗ್ಯಾಸ್ ಸೋರುತ್ತದೆ. ‘ಗ್ಯಾಸ್ ತುಂಬಿದರೆ ಆಯ್ತು’ ಅಂದರೆ ಕಂಡೆನ್ಸರೇ ಬೇಕಾಗುತ್ತದೆ ಎಂದು ತಿಳಿಯಿರಿ.

ನೀರಲ್ಲಿ ನಿಂತ ಗಾಡಿ ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಸುತ್ತಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಫ್ಯೂಸ್ ಬಾಕ್ಸಿನ ಪಿನ್ನುಗಳು ಹಸಿರುಗಟ್ಟಿದ್ದರೆ ಹಾಗೇ ವಾಪಸ್ ಬನ್ನಿ. ಟಯರಿನ ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತದೆ: 2321 ಅಂದರೆ 2021ರ 23ನೇ ವಾರ. ಮೀಟರ್ 30,000 ತೋರಿಸಿ, ಟಯರ್ ಎರಡನೇ ಸೆಟ್ ಆಗಿದ್ದು, ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿದ್ದರೆ ಮೀಟರ್ ತಿರುಗಿಸಿದ್ದಾರೆ. ಅಧಿಕೃತ ಸರ್ವೀಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸರ್ವೀಸಿನ ಕಿಲೋಮೀಟರ್ ಇರುತ್ತದೆ, ಮಾಲೀಕರಿಂದಲೇ ತೆಗೆಸಿಕೊಳ್ಳಿ.

ನಿಮ್ಮ ದಾರಿಯಲ್ಲಿ ಚೆಂಡಿಯಾ, ಅರ್ಗಾ ಹತ್ತಿರ ಜೋರು ಮಳೆಗೆ ಹೆದ್ದಾರಿ ಮೇಲೇ ನೀರು ಬರುತ್ತದೆ. ಪಾಲಿಸಿಗೆ ಎಂಜಿನ್ ಪ್ರೊಟೆಕ್ಟ್ (ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಿಗುವ ಹೆಚ್ಚುವರಿ ರಕ್ಷಣೆ) ಸೇರಿಸಿ. ನೀರಲ್ಲಿ ಗಾಡಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ಹೋದ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಬದಿಗೆ ಹಾಕಿ, ಎಳೆಸಿಕೊಂಡು ಬನ್ನಿ.

ಶಿರಸಿಯಿಂದ:
ಇದೇ ಲೆಕ್ಕ ಶಿರಸಿ–ಕುಮಟಾ ಓಡಾಡುವವರು ಹಿಡಿಯಬೇಡಿ. ದೇವಿಮನೆ ಘಟ್ಟ ದಿನಾ ಹತ್ತಿಳಿದರೆ ಬ್ರೇಕ್ ಪ್ಯಾಡ್, ಕ್ಲಚ್ ಸವೆಯುವುದು ಬಯಲು ಹೆದ್ದಾರಿಗಿಂತ ಬಹಳ ಬೇಗ, ಮೈಲೇಜೂ ಇಳಿಯುತ್ತದೆ. ರಿಪೇರಿಗೆ ತಿಂಗಳಿಗೆ ಇನ್ನೊಂದು ಸಾವಿರ ಎತ್ತಿಡಿ. ಇಳಿಯುವಾಗ ಎರಡನೇ ಗೇರ್ ಹಿಡಿದರೆ ಪ್ಯಾಡ್ ಉಳಿಯುತ್ತದೆ. ಆದರೆ ಘಟ್ಟದ ಮೇಲಿನ ಕೆಎ-31 (ಶಿರಸಿ ನೋಂದಣಿ) ಗಾಡಿಗೆ ಉಪ್ಪಿನ ತುಕ್ಕು ಕಡಿಮೆ. ಅಂಕೋಲಾದವರು ಶಿರಸಿ, ಯಲ್ಲಾಪುರದ ಕಡೆ ಹುಡುಕುವುದೂ ಒಳ್ಳೆಯದು.

ಕೇಳಿದವರು:
ಬಹಳ ಉಪಕಾರ ಆಯಿತು. ಒಂದು ಗೋವಾ ನೋಂದಣಿಯ ಗಾಡಿ ಬಂದಿದೆ, 2017ರದ್ದು, ₹2.6 ಲಕ್ಷ. ಕೆಳಗೆಲ್ಲ ಹೊಸ ಕಪ್ಪು ಕೋಟಿಂಗ್ ಹೊಡೆಸಿದ್ದಾರೆ. ತಗೊಳ್ಳಲೇ?

ಬಿಣಗಾದಿಂದ:
ಮಾರುವ ಮುಂಚೆ ಹೊಡೆಸಿದ ಕೋಟಿಂಗ್ ಅನುಮಾನದ್ದೇ. ತುಕ್ಕು ಉಜ್ಜಿ ತೆಗೆಯದೆ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಬೇಗ ತಿನ್ನುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬರಬೇಕು. ಪೊಳ್ಳು ಸದ್ದು ಬಂದರೆ, ಪದರ ಉದುರಿದರೆ ಬೇಡ. ಕೋಟಿಂಗ್ ಮಾಡಿಸುವುದಿದ್ದರೆ ಕೊಂಡ ಮೇಲೆ ನೀವೇ, ತೊಳೆದು ಒಣಗಿಸಿ, ಮೇ ತಿಂಗಳೊಳಗೆ ಮಾಡಿಸಿ.

ಕಾರವಾರದಿಂದ:
ಗೋವಾ ಗಾಡಿಗೆ ಅಲ್ಲಿಯ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ ಬೇಕು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಕೆಎ ನಂಬರ್ ಮಾಡಿಸಲೇಬೇಕು, ಆಗ ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು. ವಯಸ್ಸಿನ ಪ್ರಕಾರ ರಿಯಾಯಿತಿ ಇದ್ದರೂ ಹತ್ತಾರು ಸಾವಿರದ ಮಾತು. ಅಗ್ಗ ಕಾಣುವುದು ಆ ತೆರಿಗೆ ಸೇರಿಸದ ಕಾರಣಕ್ಕೇ. ಕೈಗಾ, ನೌಕಾನೆಲೆಯ ಸಿಬ್ಬಂದಿ ವರ್ಗವಾಗಿ ಹೋಗುವಾಗ ಮಾರುವ ಗಾಡಿಗಳು ಚೆನ್ನಾಗಿರುತ್ತವೆ, ಅವುಗಳಲ್ಲೂ ಹೊರ ರಾಜ್ಯದ್ದು, ಬಿಎಚ್ ಸರಣಿಯದ್ದು (ಎಲ್ಲ ರಾಜ್ಯಕ್ಕೂ ನಡೆಯುವ ‘ಭಾರತ್’ ನಂಬರ್) ಇದ್ದರೆ ಇದೇ ತೆರಿಗೆ ಲೆಕ್ಕ ಮೊದಲು ಮಾಡಿ. ನಮ್ಮ ಜಿಲ್ಲೆಯದ್ದೇ ಆದ ಕೆಎ-30, ಕೆಎ-31, ಕೆಎ-47 ಸಿಕ್ಕರೆ ತಲೆನೋವಿಲ್ಲ.

ಕುಮಟಾದಿಂದ:
2017ರ ಗಾಡಿಗೆ ಮೂರು ವರ್ಷದ ಸಾಲ ಸಿಗುವುದೇ ಕಷ್ಟ. ಸಾಲ ಮುಗಿಯುವ ಹೊತ್ತಿಗೆ ಗಾಡಿಗೆ 10 ವರ್ಷ ದಾಟಬಾರದು ಎನ್ನುವವರೇ ಹೆಚ್ಚು. ಕೊಟ್ಟರೂ ಬಡ್ಡಿ ಮೇಲಿರುತ್ತದೆ. ಏಳು ವರ್ಷದೊಳಗಿನದ್ದು ನೋಡಿ, ಮುಂಗಡ ಕೊಡುವ ಮೊದಲೇ ಆರ್‌ಸಿ ನಕಲು ತಂದು ಬ್ಯಾಂಕಿನಲ್ಲಿ ಎಷ್ಟು ಸಾಲ ಕೊಡುತ್ತಾರೆ ಎಂದು ಕೇಳಿಕೊಳ್ಳಿ. ಬ್ಯಾಂಕು ಸಾಲ ಕೊಡುವುದು ತನ್ನ ವ್ಯಾಲ್ಯುಯೇಶನ್ ಮೇಲೆ, ಮಾರುವವರು ಹೇಳಿದ ಬೆಲೆಯ ಮೇಲೆ ಅಲ್ಲ. ವ್ಯತ್ಯಾಸದ ಹಣ ನಿಮ್ಮ ಕೈಯಿಂದಲೇ ಹೋಗಬೇಕು, ನಿಮ್ಮ ಹತ್ತಿರ ಇರುವುದು ಒಂದೇ ಲಕ್ಷ.